ಚಪಡನ ಸಹಿ

ಇಂದು ಬೆಳಿಗ್ಗೆ ಬ್ಯಾಂಕಿನಲ್ಲಿ, ಹಳೆಯ ಸಹಿಗೂ ಈಗಿನದಕ್ಕೂ ತಾಳೆಯಾಗುತ್ತಿಲ್ಲವೆಂದು ನನ್ನಿಂದ ಮೂರು ಸಲ ಸಹಿ ಹಾಕಿಸಿದರು. ಮೂರನೆಯ ಸಲ ನೆನಪಾದವನು ಚಪಡ.

ಮೊಳಕಾಲ್ಮೂರು ಎಂದೊಡನೆ ನಮಗೆ ರೇಷ್ಮೆ ಸೀರೆಯೇ ಕಣ್ಣ ಮುಂದೆ ಬರುತ್ತದೆ. ಆದರೆ ಚಿತ್ರದುರ್ಗ ಜಿಲ್ಲೆಯ ಅದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, ಜನರು ಅಕ್ಷರಗುಂಡು ಎಂದು ಕರೆಯುತ್ತಿದ್ದ ಬಂಡೆಯೊಂದರ ಮೇಲೆ, 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಗುರುತಿಸಿದ ಅಶೋಕನ ಶಾಸನವಿದೆ. ಮೌರ್ಯರ ದಕ್ಷಿಣದ ಆಡಳಿತ ಕೇಂದ್ರ ಸುವರ್ಣಗಿರಿಯಿಂದ ಇಸಿಲ ಪಟ್ಟಣದ ಮಹಾಮಾತ್ರರಿಗೆ, ಅಂದರೆ ಹಿರಿಯ ಅಧಿಕಾರಿಗಳಿಗೆ, ಬಂದ ಆ ಆಜ್ಞೆಯನ್ನು, ತಂದೆತಾಯಿಗಳ ಮಾತು ಕೇಳಬೇಕು, ಸತ್ಯ ನುಡಿಯಬೇಕು ಎಂಬುದನ್ನೆಲ್ಲ ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮಿ ಲಿಪಿಯಲ್ಲಿ ಬರೆದು ಮುಗಿಸಿದ ಲಿಪಿಕಾರ ಚಪಡನು, ಕೊನೆಯಲ್ಲಿ ತನ್ನ ಹೆಸರನ್ನು ಸೇರಿಸಿ, ‘ಲಿಪಿಕರೇಣ’ (ಲಿಪಿಕಾರನಿಂದ) ಎಂಬ ಒಂದೇ ಪದವನ್ನು ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ದೂರದ ಗಾಂಧಾರದ ಲಿಪಿ. ಬಿಸಿಲು ಕಾಯ್ದ ಈ ಕಲ್ಲಿನ ನಾಡಿನಲ್ಲಿ ಅದನ್ನು ಓದಬಲ್ಲವರು ಆಗ ಎಷ್ಟು ಮಂದಿ ಇದ್ದಿರಬಹುದು? ಊರಿನ ನೆನಪೋ, ವಿದ್ಯೆಯ ಚೂರು ಜಂಬವೋ. ನನಗಂತೂ ಜಂಬವೇ ಇರಲಿ ಎನಿಸುತ್ತದೆ.

ನಾಲ್ಕನೆಯ ಸಹಿಯನ್ನು ಬ್ಯಾಂಕಿನವರು ಒಪ್ಪಿಕೊಂಡರು.