ಹೊಲಿದ ಬೆರಳು ಆಡಬೇಕು

ಹುಬ್ಬಳ್ಳಿ, 14 ಫೆಬ್ರವರಿ 2025, ಶುಕ್ರವಾರ

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಹೊಲಗಳಲ್ಲಿ ಹಿಂಗಾರಿ ಜೋಳದ ಸುಗ್ಗಿ ನಡೆದಿರುವ ಈ ದಿನಗಳಲ್ಲಿ ನಮ್ಮ ಆಸ್ಪತ್ರೆಗೆ ಬರುವ ಕೈಗಾಯಗಳಲ್ಲಿ ಕುಡಗೋಲಿನವೇ ಹೆಚ್ಚು. ಬಲಗೈಯಲ್ಲಿ ಕುಡಗೋಲು, ಎಡಗೈ ಮುಷ್ಟಿಯಲ್ಲಿ ದಂಟು ಇರುವುದರಿಂದ ಪೆಟ್ಟು ಬೀಳುವುದು ಬಹುಪಾಲು ಎಡಗೈಯ ಕಿರುಬೆರಳು ಮತ್ತು ಉಂಗುರದ ಬೆರಳಿಗೆ. ಚರ್ಮದ ಮೇಲಿನ ಗಾಯ ಒಂದು ಇಂಚಿನಷ್ಟೂ ಇರುವುದಿಲ್ಲ. ಒಳಗೆ ಮಾತ್ರ ಬೆರಳನ್ನು ಮಡಿಚುವ ಎರಡೂ ಸ್ನಾಯುರಜ್ಜುಗಳು (ಸ್ನಾಯುವನ್ನು ಎಲುಬಿಗೆ ಜೋಡಿಸುವ ಗಟ್ಟಿ ಹುರಿಗಳು) ತುಂಡಾಗಿ, ಪಕ್ಕದ ನರವೂ ಕತ್ತರಿಸಿ ಹೋಗಿರುತ್ತದೆ.

ಇಂದಿನ ಮೊದಲ ಶಸ್ತ್ರಚಿಕಿತ್ಸೆ ಅಂಥದ್ದೇ. ನವಲಗುಂದ ತಾಲೂಕಿನ ಕೃಷಿ ಕೂಲಿ ಹೆಣ್ಣುಮಗಳೊಬ್ಬರಿಗೆ ಸೋಮವಾರ ಹೊಲದಲ್ಲಿ ಗಾಯವಾಗಿತ್ತು. ಊರಿನಲ್ಲೇ ಚರ್ಮಕ್ಕೆ ಹೊಲಿಗೆ ಹಾಕಿಸಿಕೊಂಡು ಮನೆಗೆ ಹೋಗಿದ್ದರು. "ಗಾಯ ಮಾಯಾಕತ್ತೈತ್ರಿ ಸಾಹೇಬ್ರ, ಆದ್ರ ಬಟ್ಟು ಮಡಚಾಕ ಬರವಲ್ದು" ಎಂದು ನಿನ್ನೆ ಬಂದು ಕೈ ಚಾಚಿದರು. ಕೈಗಾಯವನ್ನು ಮೊದಲು ನೋಡುವವರು ಯಾರೇ ಆಗಿರಲಿ, ಹೊಲಿಗೆಗೆ ಮುಂಚೆ ಅರ್ಧ ನಿಮಿಷ ಕೊಟ್ಟು ಮಾಡಬೇಕಾದ ಪರೀಕ್ಷೆಯೊಂದಿದೆ. ಬೆರಳಿನ ನಡುಭಾಗವನ್ನು ನೆಟ್ಟಗೆ ಹಿಡಿದು ತುದಿಯನ್ನಷ್ಟೇ ಮಡಿಚಲು ಹೇಳಬೇಕು. ಮಡಿಚಲು ಬಂದರೆ ಆಳದ ರಜ್ಜು ಇದೆ. ಉಳಿದ ಬೆರಳುಗಳನ್ನು ನೆಟ್ಟಗೆ ಹಿಡಿದು ಗಾಯದ ಬೆರಳಿನ ನಡುಕೀಲನ್ನು ಮಡಿಚಲು ಹೇಳಬೇಕು. ಅದು ಮೇಲಿನ ರಜ್ಜುವಿನ ಪರೀಕ್ಷೆ. ಮರಗಟ್ಟಿಸುವ ಇಂಜೆಕ್ಷನ್ ಕೊಡುವ ಮೊದಲೇ ಬೆರಳಿನ ಎರಡೂ ಬದಿಗಳಲ್ಲಿ ಸ್ಪರ್ಶ ತಿಳಿಯುತ್ತದೆಯೇ ಎಂದು ಕೇಳಬೇಕು. ಇದಕ್ಕೆ ಯಂತ್ರ ಬೇಡ, ಖರ್ಚಿಲ್ಲ. ಮೊದಲ ವಾರದಲ್ಲಿ ಸಿಕ್ಕ ರಜ್ಜುವನ್ನು ನೇರವಾಗಿ ಕೂಡಿಸಬಹುದು. ಮೂರು-ನಾಲ್ಕು ವಾರ ಕಳೆದರೆ ಸ್ನಾಯು ಮೊಟಕಾಗಿ, ತುದಿಗಳು ಒಂದಕ್ಕೊಂದು ಮುಟ್ಟದಂತಾಗಿ, ಮುಂಗೈಯಿಂದ ಬೇರೊಂದು ರಜ್ಜು ತೆಗೆದು ನಾಟಿ ಮಾಡುವ ಹಂತ ಬರುತ್ತದೆ.

ಗಾಯವಾಗಿದ್ದುದು ಬೆರಳುಗಳ ಬುಡದ ಹತ್ತಿರದ ಅಂಗೈಗೆರೆಯಿಂದ ಬೆರಳಿನ ನಡುಭಾಗದವರೆಗಿನ ಪ್ರದೇಶದಲ್ಲಿ. ಇಲ್ಲಿ ಎರಡು ರಜ್ಜುಗಳು ಒಂದೇ ಇಕ್ಕಟ್ಟಾದ ಕೊಳವೆಯೊಳಗೆ, ಪಾಯಜಾಮದ ಅಂಚಿನೊಳಗಿನ ಲಾಡಿಯಂತೆ ಸರಿದಾಡುತ್ತವೆ. ತುಂಡಾದರೆ ಒಂದು ತುದಿ ಒಳಗೆ ಸರಿದು ಮರೆಯಾಗುತ್ತದೆ. ಹೊಲಿದರೆ ಹೊಲಿಗೆಯ ಗಂಟು ಕೊಳವೆಗೆ ತಾಗಿ ನಿಲ್ಲುತ್ತದೆ. ಹೊಲಿದು ಅಲುಗಾಡದಂತೆ ಕಟ್ಟಿಟ್ಟರೆ ರಜ್ಜು ಸುತ್ತಲಿನ ಗೋಡೆಗೆ ಅಂಟಿಕೊಂಡು ಬೆರಳು ಮರದಂತಾಗುತ್ತದೆ. ಇದೇ ಕಾರಣಕ್ಕೆ ಅಮೆರಿಕದ ಕೈ ಶಸ್ತ್ರಚಿಕಿತ್ಸಕ ಸ್ಟರ್ಲಿಂಗ್ ಬನೆಲ್ ಅವರು ಈ ಪ್ರದೇಶವನ್ನು ಯಾರೂ ಕೈ ಹಾಕಬಾರದ ನೆಲವೆಂದು ಕರೆದಿದ್ದರು. ಚರ್ಮ ಮಾತ್ರ ಮುಚ್ಚಿ, ಗಾಯ ಮಾಗಿದ ಮೇಲೆ ರಜ್ಜುವಿನ ನಾಟಿ ಮಾಡಬೇಕೆಂಬುದು ಆ ಕಾಲದ ನಿಯಮವಾಗಿತ್ತು. 1967ರಲ್ಲಿ ಲೂಯಿವಿಲ್‌ನ ಹೆರಾಲ್ಡ್ ಕ್ಲೈನರ್ಟ್ ಇದೇ ಜಾಗದಲ್ಲಿ ಆರಂಭದಲ್ಲೇ ಹೊಲಿದು ಒಳ್ಳೆಯ ಫಲ ಪಡೆದುದನ್ನು ವೈದ್ಯರ ಸಭೆಯ ಮುಂದಿಟ್ಟಾಗ ಹಲವರಿಗೆ ನಂಬಿಕೆಯೇ ಬರಲಿಲ್ಲ. ಅವರ ಯಶಸ್ಸಿನ ಅರ್ಧ ಪಾಲು ಹೊಲಿಗೆಯದಾದರೆ ಇನ್ನರ್ಧ ಉಗುರಿಗೆ ಕಟ್ಟಿದ ರಬ್ಬರ್ ಬ್ಯಾಂಡಿನದು: ರೋಗಿ ತಾನೇ ಬೆರಳು ಚಾಚುತ್ತಾನೆ, ಬ್ಯಾಂಡು ಅದನ್ನು ಮಡಿಚುತ್ತದೆ, ಹೊಲಿಗೆಯ ಮೇಲೆ ಭಾರ ಬೀಳದೆ ರಜ್ಜು ಸರಿದಾಡುತ್ತದೆ. ನನ್ನ ತಿಳಿವಳಿಕೆಯಲ್ಲಿ ಕೈಯ ಶಸ್ತ್ರಚಿಕಿತ್ಸೆಯಲ್ಲಿ ಅಲ್ಲಿಂದೀಚೆಗೆ ಆದ ಬಹುತೇಕ ಸುಧಾರಣೆಗಳು ಈ ಒಂದು ಗುರಿಯ ಸುತ್ತ ನಡೆದಿವೆ. ಕೂಡಿಸಿದ್ದನ್ನು ರೋಗಿ ಎಷ್ಟು ಬೇಗ, ತನ್ನದೇ ಬಲದಿಂದ, ಆಡಿಸಬಲ್ಲನೆಂಬುದೇ ಆ ಗುರಿ.

ಇಂದು ಅವರನ್ನು ಮಲಗಿಸಿದ್ದು ಪೂರ್ಣ ಎಚ್ಚರದಲ್ಲಿ. ತೋಳಿಗೆ ರಕ್ತ ತಡೆಯುವ ಪಟ್ಟಿ, ಅಂದರೆ ಟೂರ್ನಿಕೆಟ್, ಕಟ್ಟಲಿಲ್ಲ. ಮರಗಟ್ಟಿಸುವ ಔಷಧಿ ಲಿಗ್ನೋಕೇನ್ 1 ಪ್ರತಿಶತ, ಅದರಲ್ಲಿ ಒಂದು ಲಕ್ಷಕ್ಕೆ ಒಂದು ಪ್ರಮಾಣದ ಅಡ್ರಿನಲಿನ್ ಬೆರೆಸಿ ಅಂಗೈಗೂ ಬೆರಳುಗಳಿಗೂ ಕೊಟ್ಟು ಅರ್ಧ ಗಂಟೆ ಕಾದರೆ ರಕ್ತನಾಳಗಳು ಕುಗ್ಗಿ, ರಕ್ತಸ್ರಾವ ಕೆಲಸಕ್ಕೆ ಅಡ್ಡಿಯಾಗದಷ್ಟು ಕಡಿಮೆಯಾಗುತ್ತದೆ. ಈ ಕಾಯುವಿಕೆಯನ್ನು ಅವಸರದಲ್ಲಿ ಕತ್ತರಿಸಬಾರದು. ಬೆರಳಿಗೆ ಅಡ್ರಿನಲಿನ್ ಕೊಟ್ಟರೆ ಬೆರಳು ಕೊಳೆಯುತ್ತದೆಂದು ನಮಗೆಲ್ಲ ಕಾಲೇಜಿನಲ್ಲಿ ಕಲಿಸಿದ್ದರು. ಆ ಭಯದ ಮೂಲ ಹಳೆಯ ಕಾಲದಲ್ಲಿ ಮರಗಟ್ಟಿಸಲು ಬಳಸುತ್ತಿದ್ದ ಪ್ರೊಕೇನ್ ಔಷಧಿಯಲ್ಲಿತ್ತೆಂಬುದು ಆಮೇಲೆ ತಿಳಿಯಿತು. ಕೆನಡಾದ ಡಾನ್ ಲಲೋಂಡ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ, ಕೈ ಮತ್ತು ಬೆರಳುಗಳಿಗೆ ಅಡ್ರಿನಲಿನ್ ಕೊಟ್ಟ 3,110 ಪ್ರಕರಣಗಳ ಅಧ್ಯಯನದಲ್ಲಿ ಒಂದು ಬೆರಳೂ ಕೊಳೆಯಲಿಲ್ಲ. ಮೊದಲೇ ರಕ್ತಸಂಚಾರ ಕೆಟ್ಟಿರುವ ಬೆರಳಿಗೆ ಈ ವಿಧಾನ ಸಲ್ಲದು ಎಂಬ ಎಚ್ಚರಿಕೆಯನ್ನು ಮಾತ್ರ ಮರೆಯಬಾರದು.

ಅಂಕುಡೊಂಕಾದ ಗೀರಿನಿಂದ ಬೆರಳನ್ನು ತೆರೆದೆವು. ನೇರ ಗೀರು ಹಾಕಿದರೆ ಮಾಗುವಾಗ ಕಲೆ ಬಿಗಿದು ಬೆರಳನ್ನು ಬಗ್ಗಿಸಿಬಿಡುತ್ತದೆ. ಮುಷ್ಟಿ ಬಿಗಿದಿದ್ದಾಗ ಗಾಯವಾದುದರಿಂದ ರಜ್ಜುವಿನ ಮುಂದಿನ ತುದಿ ಚರ್ಮದ ಗಾಯಕ್ಕಿಂತ ಬಹಳ ಮುಂದೆ, ಉಗುರಿನ ಕಡೆಗೆ ಇತ್ತು. ಹಿಂದಿನ ತುದಿ ಅಂಗೈಗೆ ಸರಿದಿತ್ತು. ಅದನ್ನು ಕುರುಡಾಗಿ ಇಕ್ಕಳ ಹಾಕಿ ಹುಡುಕಿದರೆ ಕೊಳವೆಯ ಒಳಗೋಡೆ ಹರಿದು, ಮುಂದೆ ಅಂಟಿಕೊಳ್ಳಲು ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ. ಅಂಗೈಯಲ್ಲಿ ಇನ್ನೊಂದು ಸಣ್ಣ ಗೀರು ಹಾಕಿ, ಎಳೆಗೂಸುಗಳಿಗೆ ಹಾಲುಣಿಸುವ ತೆಳ್ಳಗಿನ ನಳಿಕೆಯನ್ನು ಕೊಳವೆಯೊಳಗಿಂದ ತೂರಿಸಿ, ಅದಕ್ಕೆ ರಜ್ಜುವನ್ನು ಕಟ್ಟಿ ಮೆಲ್ಲಗೆ ಬೆರಳಿಗೆ ತಂದೆವು. ಒಂದು ಸಣ್ಣ ಸೂಜಿಯಿಂದ ಅಡ್ಡಲಾಗಿ ಚುಚ್ಚಿ ಅದು ಮತ್ತೆ ಜಾರದಂತೆ ನಿಲ್ಲಿಸಿ, ಕತ್ತರಿಸಿದ ಅಂಚಿನಿಂದ ಸುಮಾರು ಒಂದು ಸೆಂಟಿಮೀಟರ್ ಬಿಟ್ಟು ನಾಲ್ಕು ಎಳೆಗಳು ಗಾಯವನ್ನು ದಾಟುವಂತೆ ಒಳಹೊಲಿಗೆ, ಅದರ ಸುತ್ತ 6-0 ಎಂಬ ತೆಳು ದಾರದ ಅಂಚಿನ ಹೊಲಿಗೆ. ಎರಡೇ ಎಳೆಯ ಹೊಲಿಗೆ ರಜ್ಜುವನ್ನು ಕೂಡಿಸುತ್ತದೆ ನಿಜ, ಆದರೆ ರೋಗಿ ತಾನೇ ಬೆರಳು ಮಡಿಚಿದಾಗ ಬೀಳುವ ಎಳೆತವನ್ನು ಅದು ನಂಬಿಕೆಯಿಂದ ತಾಳಲಾರದು. ಇಂದು ಎರಡು ಎಳೆಗೆ ತೃಪ್ತಿಪಡಲು ಕಾರಣವಿಲ್ಲವೆಂದೇ ನನ್ನ ಅಭಿಪ್ರಾಯ.

ಹೊಲಿಗೆ ಮುಗಿದ ಮೇಲೆ, ಚರ್ಮ ಮುಚ್ಚುವ ಮೊದಲು, "ನಿಧಾನಕ ಮುಷ್ಟಿ ಮಾಡ್ರಿ ಯವ್ವಾ" ಎಂದೆ. ಪರದೆಯಾಚೆಗಿನಿಂದ ಅವರು ಮಡಿಚಿದರು. ಕಿರುಬೆರಳು ಸಲೀಸಾಗಿ ಬಾಗಿತು. ಉಂಗುರದ ಬೆರಳಿನಲ್ಲಿ ಮಾತ್ರ ಹೊಲಿಗೆಯ ಉಬ್ಬು ಕೊಳವೆಯ ಒಂದು ಬಿಗಿಪಟ್ಟಿಗೆ ತಡೆದು ನಿಂತಿತು. ಆ ಪಟ್ಟಿಯನ್ನು ಒಂದು ಬದಿಯಿಂದ ಸ್ವಲ್ಪ ಬಿಡಿಸಿ ಮತ್ತೆ ಮಡಿಚಲು ಹೇಳಿದಾಗ ರಜ್ಜು ಪೂರ್ತಿ ಸರಿಯಿತು, ಹೊಲಿದ ತುದಿಗಳ ನಡುವೆ ಬಿರುಕು ಕಾಣಲಿಲ್ಲ. ರೋಗಿ ನಿದ್ದೆಯಲ್ಲಿದ್ದಿದ್ದರೆ ಈ ತಡೆ ನಮಗೆ ತಿಳಿಯುತ್ತಿದ್ದುದು ಎಷ್ಟೋ ವಾರಗಳ ನಂತರ, ಬೆರಳು ಬಾಗದಿದ್ದಾಗ ಅಥವಾ ಹೊಲಿಗೆ ಹರಿದಾಗ. ಕಿರುಬೆರಳಿನ ಹೊರಬದಿಯ ನರವನ್ನು ಭೂತಕನ್ನಡಿಯ ಕೆಳಗೆ ಕೂದಲಿಗಿಂತ ತೆಳುವಾದ 9-0 ನೈಲಾನಿನಿಂದ ಜೋಡಿಸಿದೆವು. ನರ ದಿನಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಬೆಳೆಯುವುದರಿಂದ ಬೆರಳ ತುದಿಗೆ ಸ್ಪರ್ಶ ಮರಳಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ಒಲೆಯ ಮುಂದೆ ಆ ಬೆರಳನ್ನು ಕಣ್ಣಿನಿಂದಲೇ ಕಾಯಬೇಕು.

ಇನ್ನು ಮುಂದಿನದು ಫಿಸಿಯೋಥೆರಪಿಸ್ಟರ ಮತ್ತು ರೋಗಿಯ ಪಾಲಿನ ಕೆಲಸ, ಮತ್ತು ಅದೇ ಕಠಿಣವಾದದ್ದು. ಬಾವು ಇಳಿಯಲು ಮೂರು ದಿನ ಬಿಟ್ಟು, ಸೋಮವಾರದಿಂದ ಬೆನ್ನುಗೈಗೆ ಕಟ್ಟಿದ ಸ್ಪ್ಲಿಂಟಿನೊಳಗೇ ಗಂಟೆಗೊಮ್ಮೆ ಅರ್ಧ ಮುಷ್ಟಿಯಷ್ಟು ಮಡಿಚಿ ಪೂರ್ತಿ ಚಾಚಬೇಕು. ಹೊಲಿದ ರಜ್ಜು ಮೊದಲ ಎರಡು-ಮೂರು ವಾರಗಳಲ್ಲಿ ಅತ್ಯಂತ ದುರ್ಬಲವಾಗಿರುತ್ತದೆ. ಆಡಿಸದಿದ್ದರೆ ಅಂಟುತ್ತದೆ, ಬಲ ಹಾಕಿದರೆ ಹರಿಯುತ್ತದೆ. ಆರು ವಾರ ಸ್ಪ್ಲಿಂಟು, ಹನ್ನೆರಡು ವಾರ ಭಾರದ ಕೆಲಸವಿಲ್ಲ. ಸುಗ್ಗಿಯ ಹೊತ್ತಿನಲ್ಲಿ ದಿನಗೂಲಿಯ ಮೇಲೆ ನಡೆಯುವ ಮನೆಗೆ ಈ ಹನ್ನೆರಡು ವಾರ ಎಂಥ ಭಾರವೆಂಬುದನ್ನು ತಿಳಿಯದೆ, ರೋಗಿಗಳು ಹೇಳಿದ ಮಾತು ಕೇಳುವುದಿಲ್ಲವೆಂದು ದೂರುವುದು ವೈದ್ಯರಿಗೆ ಶೋಭಿಸುವುದಿಲ್ಲ. ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುವುದು, ಉಳಿದ ದಿನ ಮಗ ಮೊಬೈಲಿನಲ್ಲಿ ವ್ಯಾಯಾಮದ ವಿಡಿಯೋ ಕಳಿಸುವುದು ಎಂದು ಒಪ್ಪಂದವಾಗಿದೆ.

ಎರಡನೆಯದು ಮಣಿಕಟ್ಟು. ಗದಗಿನ ನಿವೃತ್ತ ಶಿಕ್ಷಕಿಯೊಬ್ಬರು ಬಚ್ಚಲಮನೆಯಲ್ಲಿ ಜಾರಿ ಅಂಗೈಯೂರಿ ಬಿದ್ದಿದ್ದರು. ಡಬ್ಲಿನ್ನಿನ ಅಬ್ರಹಾಂ ಕಾಲಿಸ್ 1814ರಲ್ಲಿ, ಎಕ್ಸ್‌ರೇ ಇನ್ನೂ ಹುಟ್ಟಿರದ ಕಾಲದಲ್ಲಿ, ಬರಿಯ ಕಣ್ಣು-ಕೈಗಳಿಂದ ಗುರುತಿಸಿ ವಿವರಿಸಿದ ಮುರಿತವಿದು. ಅರವತ್ತೈದು ದಾಟಿದವರಲ್ಲಿ ಪ್ಲೇಟು ಹಾಕಿದರೂ ಪ್ಲಾಸ್ಟರಿನಲ್ಲಿಟ್ಟರೂ ವರ್ಷ ಕಳೆಯುವ ಹೊತ್ತಿಗೆ ಕೈಯ ಕೆಲಸದಲ್ಲಿ ಹೇಳಿಕೊಳ್ಳುವಂಥ ಅಂತರ ಉಳಿಯುವುದಿಲ್ಲವೆಂದು ಅಧ್ಯಯನಗಳು ತೋರಿಸಿರುವುದರಿಂದ, ಎಕ್ಸ್‌ರೇ ಸೊಟ್ಟಗಿದೆ ಎಂಬ ಒಂದೇ ಕಾರಣಕ್ಕೆ ಎಲ್ಲ ಹಿರಿಯರನ್ನೂ ಮೇಜಿನ ಮೇಲೆ ಮಲಗಿಸುವುದು ಸರಿಯಲ್ಲ. ಇವರ ವಯಸ್ಸು ಅರವತ್ತೊಂದು, ಮುರಿತ ಕೀಲಿನೊಳಗೆ ಹೋಗಿ ಮೆಟ್ಟಿಲಾಗಿತ್ತು, ಒಬ್ಬರೇ ಇರುವವರು, ರೊಟ್ಟಿ ಬಡಿಯಲು ಮಣಿಕಟ್ಟು ಹಿಂದಕ್ಕೆ ಬಾಗಲೇಬೇಕು. ಹೀಗಾಗಿ ಮುಂಗೈಯ ಒಳಬದಿಯಿಂದ, ರೇಡಿಯಲ್ ಧಮನಿಯನ್ನು ಪಕ್ಕಕ್ಕೆ ಕಾಯ್ದುಕೊಂಡು, ಸ್ಕ್ರೂಗಳು ಪ್ಲೇಟಿಗೇ ಬಿಗಿಯುವ ಲಾಕಿಂಗ್ ಪ್ಲೇಟು ಹಾಕಿದೆವು. ಪ್ಲೇಟಿನ ಅಂಚು ಎಲುಬಿನ ಏಣನ್ನು ದಾಟಿ ಮುಂದೆ ಚಾಚಿದರೆ ಹೆಬ್ಬೆರಳನ್ನು ಮಡಿಚುವ ರಜ್ಜು ಅದಕ್ಕೆ ಉಜ್ಜಿ ಉಜ್ಜಿ ಒಂದು ದಿನ ಹರಿಯುತ್ತದೆ. ಆದ್ದರಿಂದ ಅಲ್ಲಿ ಒಂದೆರಡು ಮಿಲಿಮೀಟರಿನ ಲೆಕ್ಕವೂ ದೊಡ್ಡದೇ. ಬೆರಳುಗಳ ವ್ಯಾಯಾಮ ಸಂಜೆಯೇ ಶುರುವಾಗಿದೆ.

ರಾತ್ರಿ ಎಂಟಕ್ಕೆ ಹಾವೇರಿ ಕಡೆಯಿಂದ ಆರು ವರ್ಷದ ಹುಡುಗನೊಬ್ಬ ಬಂದ. ಪೇರಲ ಗಿಡದಿಂದ ಬಿದ್ದು ಮೊಣಕೈಯ ಮೇಲ್ಭಾಗದ ಎಲುಬು ಮುರಿದಿತ್ತು. ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದ್ದರು. ಬೆರಳುಗಳು ಊದಿದ್ದವು, ಮೆಲ್ಲಗೆ ಚಾಚಿದರೂ ಮಗು ಚೀರುತ್ತಿತ್ತು. ಈ ನೋವನ್ನು ಮುರಿತದ ನೋವೆಂದು ತಿಳಿದು ಬೆಳಗಿನವರೆಗೆ ಕಾಯುವಂತಿಲ್ಲ. ಕಟ್ಟಿನ ಬಿಗಿತದಿಂದಲೋ ಬಾವಿನಿಂದಲೋ ಮುಂಗೈಯ ಸ್ನಾಯುಗಳಿಗೆ ರಕ್ತ ನಿಂತು ಕೆಲವು ಗಂಟೆ ಕಳೆದರೆ ಅವು ಸತ್ತು, ನಾರಾಗಿ, ಕೈ ಕೊಕ್ಕೆಯಂತೆ ಸೆಟೆದು ಹೋಗುತ್ತದೆ. ಜರ್ಮನಿಯ ಫೋಲ್ಕ್‌ಮನ್ 1881ರಲ್ಲೇ ವಿವರಿಸಿದ ಅಂಗವೈಕಲ್ಯವಿದು. ಕಟ್ಟು ಬಿಚ್ಚಿ ಕೈಯನ್ನು ಸ್ವಲ್ಪ ಸಡಿಲವಾಗಿ ಚಾಚಿ ಇಟ್ಟ ಕೂಡಲೇ ನಾಡಿ ಸ್ಪಷ್ಟವಾಯಿತು, ಚೀರಾಟ ತಗ್ಗಿತು. ಹೆಬ್ಬೆರಳು-ತೋರುಬೆರಳು ಕೂಡಿಸಿ ದುಂಡು ಮಾಡಲು ಹೇಳಿದಾಗ ತುದಿಗಳು ಬಾಗಲಿಲ್ಲ, ಅಂದರೆ ಒಂದು ನರಕ್ಕೆ ಪೆಟ್ಟಾಗಿದೆ. ಮಕ್ಕಳಲ್ಲಿ ಇದು ಬಹುಪಾಲು ಕೆಲವು ತಿಂಗಳಲ್ಲಿ ತಾನಾಗಿ ಸರಿಹೋಗುತ್ತದೆ. ಅದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ತಂದೆಗೆ ತಿಳಿಸಿ ಬರೆದಿಟ್ಟೆ. ಗೀರಿಲ್ಲದೆಯೇ ಎಲುಬನ್ನು ಕೂಡಿಸಿ, ಹೊರಬದಿಯಿಂದಲೇ ಕೆ-ವೈರು ಎಂಬ ಎರಡು ತೆಳ್ಳಗಿನ ಲೋಹದ ತಂತಿಗಳನ್ನು ಮುರಿತದ ಹತ್ತಿರ ಅಗಲವಾಗಿ ಹರಡುವಂತೆ ಹಾಕಿದೆವು. ಒಳಬದಿಯ ತಂತಿ ಹೆಚ್ಚು ಗಟ್ಟಿಯಾದರೂ ಅಲ್ಲೇ ಹಾಯುವ ಅಲ್ನರ್ ನರಕ್ಕೆ ಅಪಾಯ ತರುತ್ತದೆ. ಎರಡು ತಂತಿ ಸಾಕಾಗುವಲ್ಲಿ ಅದನ್ನು ಹಾಕಲು ನಾನು ಒಪ್ಪುವುದಿಲ್ಲ.

ಬೆಳಿಗ್ಗೆಯಿಂದ ಆಡಿಸಿ ಆಡಿಸಿ ಎಂದು ಹೇಳಿದವನು ಇಲ್ಲಿ ಮೂರು ವಾರ ಆಡಿಸಬೇಡಿ ಎಂದು ಹೇಳಿದೆ. ಮಗುವಿನ ಎಲುಬು ಬೇಗ ಕೂಡುತ್ತದೆ, ಮಗುವಿನ ಕೀಲು ಅಷ್ಟು ಸುಲಭವಾಗಿ ಹಿಡಿದುಕೊಳ್ಳುವುದಿಲ್ಲ, ಆದ್ದರಿಂದ ಇಲ್ಲಿ ಅವಸರಕ್ಕೆ ಅರ್ಥವಿಲ್ಲ. "ತಂತಿ ತಗದ ಮ್ಯಾಲೆ ಎಣ್ಣಿ ಹಚ್ಚಿ ತಿಕ್ಕಬೇಕೇನ್ರಿ?" ಎಂದು ಅಜ್ಜಿ ಕೇಳಿದರು. "ಬ್ಯಾಡ್ರಿ ಅಜ್ಜಿ, ಎಣ್ಣಿನೂ ಬ್ಯಾಡ, ಎಳದು ಚಾಚೂದೂ ಬ್ಯಾಡ" ಎಂದು ಹೇಳಿ ಕಾರಣವನ್ನೂ ವಿವರಿಸಿದೆ: ಪೆಟ್ಟಾದ ಮೊಣಕೈಯನ್ನು ಬೇರೆಯವರು ಬಲವಂತವಾಗಿ ತಿಕ್ಕಿ ಎಳೆದರೆ ಸ್ನಾಯುವಿನೊಳಗೇ ಎಲುಬು ಬೆಳೆದು ಕೀಲು ಬಿಗಿಯುತ್ತದೆ. ತಂತಿ ತೆಗೆದ ಮೇಲೆ ಹುಡುಗ ತಾನಾಗಿ ಉಣ್ಣಲಿ, ಅಂಗಿ ತೊಡಲಿ, ಗೋಲಿ ಆಡಲಿ. ಪೂರ್ತಿ ಚಾಚಲು ಕೆಲವು ತಿಂಗಳು ಹಿಡಿದರೂ ಗಾಬರಿ ಬೇಡ. ಅಜ್ಜಿ ಇದನ್ನು ಮತ್ತೊಮ್ಮೆ ಹೇಳಿಸಿಕೊಂಡು, ಊರಿಗೆ ಹೋದ ಮೇಲೆ ಮರೆಯಬಾರದೆಂದು, ಕನ್ನಡದಲ್ಲಿ ಚೀಟಿಯ ಮೇಲೆ ಬರೆಸಿಕೊಂಡರು.