ಆಟಿಸಂ ಇರುವ ಮಗುವಿಗೆ ಮಾತ್ರೆ ಶುರು ಮಾಡಬೇಕಾ?

ಥೆರಪಿ ಮುಗಿಯುವ ತನಕ ಹೊರಗೆ ಕಾಯುತ್ತಾ ಕೂತಾಗ ಹೊಸ ಅಪ್ಪ-ಅಮ್ಮಂದಿರು ನನ್ನನ್ನು ಕೇಳುವುದು ಹೆಚ್ಚಾಗಿ ಇದನ್ನೇ. "ಅಕ್ಕಾ, ಡಾಕ್ಟರು ಮಾತ್ರೆ ಬರೆದಿದ್ದಾರೆ. ಶುರು ಮಾಡೋಣ್ವಾ?" ನಾನು ಡಾಕ್ಟರಲ್ಲ, ಆಟಿಸಂ ಇರುವ ಹುಡುಗನ ಅಮ್ಮ. ಹಾಗಾಗಿ ಹೂಂ, ಉಹೂಂ ಎನ್ನುವುದಿಲ್ಲ. "ಮಾತ್ರೆ ಯಾವುದಕ್ಕೆ ಬರೆದಿದ್ದಾರೆ?" ಎಂದು ಕೇಳುತ್ತೇನೆ.

"ಆಟಿಸಂಗೆ" ಎಂದರೆ, ಇನ್ನೊಮ್ಮೆ ಡಾಕ್ಟರ ಹತ್ತಿರ ಹೋಗಿ ಕೇಳಿಕೊಂಡು ಬನ್ನಿ ಎನ್ನುತ್ತೇನೆ. ಆಟಿಸಂಗೇ ಅಂತ ಮಾತ್ರೆ ಇಲ್ಲ. ಅದರ ಜೊತೆಗೆ ಬರುವ ಕಷ್ಟಗಳಿಗೆ ಇದೆ: ತಡೆಯಲಾಗದ ಸಿಟ್ಟು, ತನ್ನನ್ನೇ ಹೊಡೆದುಕೊಳ್ಳುವುದು, ನಿದ್ದೆ ಬಾರದಿರುವುದು, ಎಡಿಎಚ್‌ಡಿ (ಗಮನ ನಿಲ್ಲದಿರುವುದು, ವಿಪರೀತ ಚಟುವಟಿಕೆ), ವಿಪರೀತ ಭಯ. ಫಿಟ್ಸ್ ಇದ್ದರೆ ಮಾತೇ ಬೇರೆ. ಅದರ ಔಷಧಿ ಕೊಡೋಣವೋ ಬೇಡವೋ ಎಂದು ಮನೆಯಲ್ಲಿ ಚರ್ಚೆ ಮಾಡುತ್ತಾ ಕೂರಬಾರದು.

ಸಿಟ್ಟಿಗೆ ಜಾಸ್ತಿ ಬರೆಯುವುದು ರಿಸ್ಪೆರಿಡೋನ್ ಅಥವಾ ಅರಿಪಿಪ್ರಜೋಲ್. ಆಟಿಸಂ ಇರುವ ಮಕ್ಕಳ ಸಿಟ್ಟು, ಕಿರಿಕಿರಿಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೊದಲನೆಯದನ್ನು 2006ರಲ್ಲಿ, ಎರಡನೆಯದನ್ನು 2009ರಲ್ಲಿ ಒಪ್ಪಿತು. 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ 101 ಮಕ್ಕಳಿದ್ದರು. ಎಂಟು ವಾರ ರಿಸ್ಪೆರಿಡೋನ್ ತೆಗೆದುಕೊಂಡವರಲ್ಲಿ ಶೇ. 69ರಷ್ಟು ಮಕ್ಕಳಿಗೆ ಚೆನ್ನಾಗಿ ಗುಣ ಕಂಡಿತು. ಔಷಧಿ ಇಲ್ಲದ ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 12 ಮಾತ್ರ. ಆದರೆ ಅಷ್ಟರಲ್ಲೇ ಔಷಧಿ ತೆಗೆದುಕೊಂಡ ಮಕ್ಕಳ ತೂಕ ಸರಾಸರಿ 2.7 ಕೆಜಿ ಏರಿತ್ತು, ಉಳಿದವರದು 0.8 ಕೆಜಿ. ಈ ಎರಡನ್ನೂ ಒಟ್ಟಿಗೇ ತೂಗಿ ನೋಡಬೇಕು.

ಅದಕ್ಕೂ ಮೊದಲು ಮಗುವಿಗೆ ಎಲ್ಲಾದರೂ ನೋವಿದೆಯಾ ನೋಡಿ. ಮಾತು ಬಾರದ ಮಗು ಹಲ್ಲುನೋವನ್ನು ಹೇಗೆ ಹೇಳಬೇಕು? ಗೋಡೆಗೆ ತಲೆ ಚಚ್ಚಿಕೊಳ್ಳಬಹುದು, ಅಮ್ಮನ ಕೈ ಕಚ್ಚಬಹುದು. ಕಿವಿನೋವು, ದಿನಗಟ್ಟಲೆ ಮಲ ಕಟ್ಟಿರುವುದು, ಶಾಲೆಯಲ್ಲಿ ಯಾರೋ ಹೊಡೆಯುತ್ತಿರುವುದು, ಇವೂ ಹಾಗೇ ಹೊರಬರುತ್ತವೆ. ಸಿಟ್ಟು ಇದ್ದಕ್ಕಿದ್ದಂತೆ ಶುರುವಾಗಿದ್ದರೆ ಹಲ್ಲಿನ ಡಾಕ್ಟರಿಗೂ ಮಕ್ಕಳ ಡಾಕ್ಟರಿಗೂ ತೋರಿಸಿ. ನೋವನ್ನು ಹಾಗೇ ಬಿಟ್ಟು ಮಗುವನ್ನು ಮಂಕು ಮಾಡಿದರೆ ಅದು ಅನ್ಯಾಯ.

ಕೈ ಅಲ್ಲಾಡಿಸುತ್ತಾನೆ, ಕುಣಿಯುತ್ತಾನೆ, ಒಂದೇ ಮಾತು ಹೇಳುತ್ತಿರುತ್ತಾನೆ ಎಂಬ ಕಾರಣಕ್ಕೆ ಮಾತ್ರೆ ಬೇಡ. ಅದರಿಂದ ಅವನಿಗೇನು ತೊಂದರೆ? "ಮಾತ್ರೆ ಕೊಟ್ಟೇ ಕಳಿಸಿ" ಎಂದು ಶಾಲೆಯವರು ಹೇಳಿದರೂ ಒಪ್ಪಬೇಕಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ಮಗುವಿಗೆ ಹೊಂದಿಕೊಳ್ಳಬೇಕಾದದ್ದು ಶಾಲೆಯ ಹೊಣೆಯೂ ಹೌದು.

ಹಾಗೆಯೇ, "ಇಷ್ಟು ಚಿಕ್ಕ ಮಗುವಿಗೆ ಅಂಥ ಮಾತ್ರೆ ಯಾಕೆ" ಎಂದು ನೆಂಟರು ಅನ್ನುತ್ತಾರೆ ಅಂತ ಹೆದರಬೇಡಿ. ದಿನವೂ ತನ್ನ ಮುಖಕ್ಕೆ ತಾನೇ ಹೊಡೆದುಕೊಳ್ಳುವ ಮಗುವಿನ ಜೊತೆ ಅವರು ಒಂದು ರಾತ್ರಿಯನ್ನೂ ಕಳೆದಿರುವುದಿಲ್ಲ. ನನ್ನ ಮಗನಿಗೆ ನಾವು ಕೊಟ್ಟಿದ್ದೇವೆ. ಹೊಡೆದುಕೊಳ್ಳುವುದು ಕಡಿಮೆಯಾದ ಮೇಲೇ ಅವನು ಥೆರಪಿಯಲ್ಲಿ ಕೂತು ಏನಾದರೂ ಕಲಿಯುವಂತಾದದ್ದು. ಆ ತೀರ್ಮಾನದ ಬಗ್ಗೆ ನನಗೆ ನಾಚಿಕೆ ಇಲ್ಲ.

ಶುರು ಮಾಡುವುದಾದರೆ ಮೊದಲೇ ಒಂದು ನೋಟ್‌ಬುಕ್ ಇಡಿ. ದಿನಕ್ಕೆ ಎಷ್ಟು ಸಲ ಸಿಟ್ಟು, ಎಷ್ಟು ಹೊತ್ತು ನಿದ್ದೆ, ತೂಕ ಎಷ್ಟು ಎಂದು ಬರೆಯಿರಿ. ಇಲ್ಲದಿದ್ದರೆ ತಿಂಗಳಾದ ಮೇಲೆ "ಸ್ವಲ್ಪ ಪರವಾಗಿಲ್ಲ ಅನ್ಸುತ್ತೆ" ಎಂಬುದಷ್ಟೇ ಉಳಿಯುತ್ತದೆ. ಸಾಧ್ಯವಾದರೆ ಮಕ್ಕಳ ಮನೋವೈದ್ಯರಿಗೇ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೇ ಪ್ರತ್ಯೇಕ ವಿಭಾಗವಿದೆ. ರಕ್ತದಲ್ಲಿ ಸಕ್ಕರೆ, ಕೊಬ್ಬು ಯಾವಾಗ ನೋಡಬೇಕು, ಗುಣ ಕಾಣದಿದ್ದರೆ ಯಾವಾಗ ನಿಲ್ಲಿಸುವುದು ಎಂದು ಮೊದಲ ದಿನವೇ ಕೇಳಿ. ಹಸಿವು ವಿಪರೀತವಾದರೆ, ಹಗಲೆಲ್ಲಾ ತೂಕಡಿಸಿದರೆ, ಕೈ ನಡುಗಿದರೆ ಅಥವಾ ಮೈ ಬಿಗಿದುಕೊಂಡರೆ ಮುಂದಿನ ಭೇಟಿಗೆ ಕಾಯದೆ ಫೋನ್ ಮಾಡಿ.

"ಜೀವನಪೂರ್ತಿ ಕೊಡಬೇಕಾ?" ಎಂದು ಕೊನೆಗೆ ಎಲ್ಲರೂ ಕೇಳುತ್ತಾರೆ. ಹಾಗೇನಿಲ್ಲ. ಆಗಾಗ ಡಾಕ್ಟರ ಜೊತೆ ಕೂತು, ಇನ್ನೂ ಬೇಕಾ ಎಂದು ನೋಡಬೇಕು. ಸಾಕು ಅನಿಸಿದರೆ ಅವರೇ ಡೋಸ್ ನಿಧಾನವಾಗಿ ಇಳಿಸುತ್ತಾರೆ. ನೀವಾಗಿ ಮಾತ್ರ ಥಟ್ಟನೆ ನಿಲ್ಲಿಸಬೇಡಿ.