ಕಸದ ಕಾರ್ಖಾನೆಯ ಚಾವಣಿ ಹತ್ತುವ ಮುನ್ನ

ಕೋಪನ್‌ಹೇಗನ್‌ಗೆ ಹೋದವರೆಲ್ಲ ಮತ್ಸ್ಯಕನ್ಯೆಯ ಪುಟ್ಟ ಪ್ರತಿಮೆ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ತೆಗೆಸಿಕೊಳ್ಳಿ, ಬೇಡ ಅನ್ನಲ್ಲ. ಆದರೆ ಅರ್ಧ ದಿನ ಕೋಪನ್‌ಹಿಲ್‌ಗೆ ಉಳಿಸಿಕೊಳ್ಳಿ. ಊರಿನ ಕಸ ಸುಟ್ಟು ಕರೆಂಟು ಮತ್ತು ಮನೆ ಬೆಚ್ಚಗಿಡುವ ಬಿಸಿನೀರು ಕೊಡುವ ಕಾರ್ಖಾನೆ ಅದು. ಕಸ ಸುಡಲು ಶುರು ಮಾಡಿದ್ದು 2017ರಲ್ಲಿ. ಚಾವಣಿ ಜನರಿಗೆ ತೆರೆದಿದ್ದು 2019ರಲ್ಲಿ. ಈಗ ಅದರ ಮೇಲೆ ಜನ ಸ್ಕೀ ಆಡುತ್ತಾರೆ.

ವಿಮಾನ ನಿಲ್ದಾಣದಿಂದ ಎಂ2 ಮೆಟ್ರೊ ಹಿಡಿದು ಕ್ರಿಶ್ಚಿಯನ್ಸ್‌ಹಾವ್ನ್‌ನಲ್ಲಿ ಇಳಿದರೆ ಮುಂದಕ್ಕೆ ಬಸ್ಸಿದೆ. ಮಳೆ ಇಲ್ಲದಿದ್ದರೆ ಬಾಡಿಗೆ ಸೈಕಲ್ಲೇ ವಾಸಿ. ದಾರಿಯಲ್ಲಿ ಏರು ಅನ್ನೋದೇ ಇಲ್ಲ. ಇಡೀ ಡೆನ್ಮಾರ್ಕ್‌ನಲ್ಲಿ ಅತಿ ಎತ್ತರದ ಜಾಗವೇ ಸುಮಾರು 171 ಮೀಟರ್. ಅಂಥ ದೇಶದಲ್ಲಿ 85 ಮೀಟರ್ ಕಟ್ಟಡ ಅಂದರೆ ಬೆಟ್ಟವೇ ಅಲ್ವಾ?

ಮೊದಲು ಲಿಫ್ಟ್ ಹತ್ತಿ. ಗಾಜಿನಾಚೆ ಕಾರ್ಖಾನೆಯ ಒಳಗು ಕಾಣುತ್ತದೆ: ದಪ್ಪ ಪೈಪುಗಳು, ಕಬ್ಬಿಣದ ಅಟ್ಟಗಳು, ಹೊಗೆ ತೊಳೆಯುವ ಯಂತ್ರಗಳು. ಫೋನು ಜೇಬಲ್ಲಿಟ್ಟು ಇದನ್ನು ನೋಡಿ. ವಾಸ್ತುಶಿಲ್ಪಿ ಬ್ಯಾರ್ಕೆ ಇಂಗೆಲ್ಸ್ ತಂಡದ ಜಾಣತನ ಇಲ್ಲಿದೆ. ಹೇಗಿದ್ದರೂ ಬೇಕಾದ ಯಂತ್ರಗಳನ್ನೇ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರು, ಶಾಲೆಯ ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸಿದ ಹಾಗೆ. ಅವುಗಳ ಮೇಲೆ ಚಾವಣಿ ಹೊದಿಸಿದಾಗ ಇಳಿಜಾರು ತಾನಾಗೇ ಬಂತು. ಹೊರಗೋಡೆಗೆ 3.3 ಮೀಟರ್ ಅಗಲ, 1.2 ಮೀಟರ್ ಎತ್ತರದ ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ಇಟ್ಟಿಗೆಯ ಹಾಗೆ ಪೇರಿಸಿದ್ದಾರೆ. ನಡುವಿನ ಕಿಟಕಿಗಳಿಂದ ಯಂತ್ರಗಳ ಮೇಲೆ ಬೆಳಕು ಬೀಳುತ್ತದೆ.

ಇಳಿಯುವಾಗ ನಡೆದೇ ಬನ್ನಿ, ಅದಕ್ಕೆ ಟಿಕೆಟ್ ಇಲ್ಲ. ಅಕ್ಕಪಕ್ಕ ಹುಲ್ಲು, ಗಿಡ, ಕಲ್ಲು. ಹಿಮ ಹುಡುಕಬೇಡಿ. ಸ್ಕೀ ಜಾರುವುದು ಹಸಿರು ಪ್ಲಾಸ್ಟಿಕ್ ಹಾಸಿನ ಮೇಲೆ. ಬಿದ್ದರೆ ಚರ್ಮ ತರಚುತ್ತದೆ, ತುಂಬು ತೋಳಿನ ಅಂಗಿ ಇರಲಿ. ತುದಿಯಲ್ಲಿ ಬೇಸಿಗೆಯಲ್ಲೂ ಗಾಳಿ ಜಾಸ್ತಿ, ಜಾಕೆಟ್ ಬೇಕೇ ಬೇಕು. ಮೋಡ ಇಲ್ಲದ ದಿನ ಸ್ವೀಡನ್‌ಗೆ ಹೋಗುವ ಓರೆಸುಂಡ್ ಸೇತುವೆಯೂ, ಸಮುದ್ರದಲ್ಲಿ ಬಿಲ್ಲಿನಂತೆ ಬಾಗಿ ನಿಂತ ಮಿಡಲ್‌ಗ್ರುಂಡನ್‌ನ 20 ಗಾಳಿಯಂತ್ರಗಳೂ ಕಾಣುತ್ತವೆ.

ಮಂಡೂರಿನ ಕಸದ ಗುಡ್ಡ ಕಂಡ ಬೆಂಗಳೂರಿನವರು ಮೂಗು ಮುಚ್ಚಿಕೊಳ್ಳಲು ಸಿದ್ಧರಾಗಿಯೇ ಹೋಗುತ್ತಾರೆ. ಬೇಕಾಗಲ್ಲ. ಇಂಥ ಸ್ಥಾವರಗಳಲ್ಲಿ ಕಸದ ಗುಂಡಿಯ ಗಾಳಿಯನ್ನೇ ಕುಲುಮೆಗೆ ಎಳೆದು ಉರಿಸುತ್ತಾರೆ.

ಹಾಗಂತ ಎಲ್ಲ ಚೆನ್ನಾಗಿದೆ ಅಂದುಕೊಳ್ಳಬೇಡಿ. ಒಲೆ ದೊಡ್ಡದಾಯಿತು, ಊರಿನ ಕಸ ಸಾಲದೆ ಹೊರದೇಶದಿಂದಲೂ ತರಿಸಿದರು. ಹೊಗೆಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಹಿಡಿಯುವ ಪ್ರಯೋಗ ಡೆನ್ಮಾರ್ಕ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಜೊತೆ ಇಲ್ಲೇ ನಡೆದಿದೆ. ಅದರ ದೊಡ್ಡ ಘಟಕಕ್ಕೆ ಹಣ ಹೊಂದಲಿಲ್ಲ. ಹಾಗಾಗಿ, ತಾನು ಬಿಟ್ಟಷ್ಟು ಇಂಗಾಲವನ್ನು 2025ರೊಳಗೆ ಸರಿದೂಗಿಸುವ ಗುರಿಯನ್ನು ನಗರ 2022ರಲ್ಲಿ ಕೈಬಿಟ್ಟಿತು.

ಹಸಿವಾದರೆ ಹತ್ತಿರದಲ್ಲೇ ರೆಫೆನ್ ಎಂಬ ತಿಂಡಿ ಅಂಗಡಿಗಳ ಬಯಲಿದೆ. ಚಳಿಗಾಲದಲ್ಲಿ ಅದು ಮುಚ್ಚಿರುತ್ತದೆ, ಆಗ ಬುತ್ತಿ ಕಟ್ಟಿಕೊಂಡೇ ಹೋಗಿ.